ದಂಡಿಲ್ಲದ ಸಲಹೆ ದಂಡ

ಬೆಂಗಳೂರಿನ ಮೇಖ್ರಿ ಸರ್ಕಲ್ ಬಳಿ ಬಸ್ಸು ನಿಂತರೆ ಮೈಸೂರಿನ ಚರಿತ್ರೆಯನ್ನು 1799ರಿಂದ ನೆನೆಯುವಷ್ಟು ಪುರುಸೊತ್ತು ಸಿಗುತ್ತದೆ. ಮೊನ್ನೆ ಆರ್‌.ಟಿ. ನಗರದಿಂದ ಹೊರಟವನು ಅಲ್ಲೇ ಬೆವರುತ್ತ ಕೂತಿದ್ದಾಗ ‘ಸಲಹೆ’ ಎಂಬ ಪದದ ಅರ್ಥ ಹೊಳೆಯಿತು.

ಟಿಪ್ಪು ಬಿದ್ದ ಮೇಲೆ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜರನ್ನು ಗದ್ದುಗೆಗೇರಿಸಿದರು. ರಾಜರಿಗೆ ಐದು ವರ್ಷ ತುಂಬಲು ಇನ್ನೂ ಎರಡು ವಾರವಿತ್ತು. ಒಪ್ಪಂದ ಬಲು ಸರಳ: ವರ್ಷಕ್ಕೆ ಇಪ್ಪತ್ನಾಲ್ಕೂವರೆ ಲಕ್ಷ ರೂಪಾಯಿ ಕೊಡಿ, ನಮ್ಮ ಸೈನ್ಯ ನಿಮ್ಮನ್ನು ಕಾಯುತ್ತದೆ, ಆಗಾಗ ಸಲಹೆ ಕೊಡುತ್ತೇವೆ, ಕಿವಿಗೆ ಹಾಕಿಕೊಳ್ಳಿ. ಸಲಹೆಗೆ ಬೇರೆ ಶುಲ್ಕವಿರಲಿಲ್ಲ. 1809ರಲ್ಲಿ ಆ ಸೈನ್ಯ ಬೆಂಗಳೂರಿಗೆ ಬಂದು ಬಿಡಾರ ಹೂಡಿತು. ಜನ ಅದನ್ನು ‘ದಂಡು’ ಎಂದರು.

ದೊಡ್ಡವರಾದ ರಾಜರು ಸಲಹೆಯನ್ನು ಸಲಹೆ ಎಂದೇ ತಿಳಿದರು. ಅದೇ ತಪ್ಪಾಯಿತು. ಮಲೆನಾಡಿನ ನಗರ ಸೀಮೆಯ ರೈತರು ದಂಗೆಯೆದ್ದದ್ದೇ ನೆಪವಾಗಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಇಡೀ ರಾಜ್ಯವನ್ನೇ ‘ಸದ್ಯಕ್ಕೆ’ ವಹಿಸಿಕೊಂಡ. ಆ ‘ಸದ್ಯ’ ಮುಗಿಯಲು 50 ವರ್ಷ ಹಿಡಿಯಿತು. ರಾಜ್ಯ ಹಿಂತಿರುಗಿಸಿ ಎಂದು ಬರೆದು ಬರೆದೇ ರಾಜರು 1868ರಲ್ಲಿ ತೀರಿಕೊಂಡರು. ಗದ್ದುಗೆಗೆ ಬಂದ ದತ್ತುಪುತ್ರ ಚಾಮರಾಜೇಂದ್ರರಿಗೂ ಐದೇ ವರ್ಷ! ಇಂಗ್ಲಿಷರಿಗೆ ಐದು ವರ್ಷದ ರಾಜರ ಮೇಲೆ ಇದ್ದ ವಾತ್ಸಲ್ಯವೇ ವಾತ್ಸಲ್ಯ.

ಆ ವಾತ್ಸಲ್ಯದ ಗುರುತು ನನ್ನ ಬಸ್ಸಿನ ಕಿಟಕಿಯಾಚೆಗೇ ಇದೆ. 1873ರಲ್ಲಿ ಬಾಲಕನ ಇಂಗ್ಲಿಷ್ ಪೋಷಕರು ಗ್ಯಾರೆಟ್ ಎಂಬ ಪಾದ್ರಿ ಮೇಷ್ಟ್ರಿಂದ ಬೆಂಗಳೂರು ಅರಮನೆಯ ಈ ಜಾಗ ಕೊಂಡರು. ಬೆಲೆ 40 ಸಾವಿರ ರೂಪಾಯಿ. ದುಡ್ಡು ಹುಡುಗನದು, ಮನೆ ಮಾತ್ರ ಇಂಗ್ಲೆಂಡಿನ ಕೋಟೆಯ ಹಾಗೆ. 1881ರಲ್ಲಿ ರಾಜ್ಯ ಮರಳಿತು. ಹಿಂದೆಯೇ ಸಲಹೆಯೂ ಬಂತು. ಈ ಸಲ ಕಿವಿಗೆ ಹಾಕಿಕೊಂಡರೆ ಸಾಲದು, ನಡೆದೇ ತೀರಬೇಕು. ಕಪ್ಪ 35 ಲಕ್ಷಕ್ಕೇರುತ್ತದೆಂಬ ಶುಭವಾರ್ತೆ ಜೊತೆಗಿತ್ತು.

ಇಲ್ಲಿ ಹದಗೊಂಡ ಸಲಹೆಯ ಸರಕು ಕಡಲಾಚೆಗೂ ಸಾಗಿತು. ಬೋರ್ನಿಯೋದ ಬ್ರೂನೈ 1888ರಲ್ಲಿ ಇಂಗ್ಲಿಷರ ರಕ್ಷಣೆಗೆ ಬಂತು. 1906ರಲ್ಲಿ ಮೈಸೂರಿನಲ್ಲಿದ್ದಂತೆ ಅಲ್ಲಿಗೂ ಸಲಹೆ ಕೊಡುವ ಇಂಗ್ಲಿಷ್ ಅಧಿಕಾರಿ, ಅಂದರೆ ಒಬ್ಬ ರೆಸಿಡೆಂಟ್ ಬಂದ. ಧರ್ಮವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಸುಲ್ತಾನರು ಆತನ ಸಲಹೆಯಂತೆ ನಡೆಯತಕ್ಕದ್ದು. ದೇವರನ್ನು ಸುಲ್ತಾನರಿಗೇ ಬಿಟ್ಟುಕೊಟ್ಟ ಔದಾರ್ಯ ನೋಡಿ! ದೇವರ ಮೇಲೆ ಸುಂಕ ಹಾಕಲು ಬರುತ್ತಿರಲಿಲ್ಲ.

ನಮ್ಮ ರೆಸಿಡೆಂಟ್ ಇದ್ದ ಬಂಗಲೆಯೇ ಇಂದು ರಾಜ್ಯಪಾಲರ ನಿವಾಸ. ಬಸ್ಸು ಕದಲಿದರೆ ಇದೇ ಬಳ್ಳಾರಿ ರಸ್ತೆ ಅತ್ತ ಹೋಗುತ್ತದೆ. ಅಂದು ಆ ಮನೆಯವರು ಸಲಹೆ ಕೊಟ್ಟರೆ ಮಂತ್ರಿಗಳು ಕೇಳುತ್ತಿದ್ದರು. ಇಂದು ಮಂತ್ರಿಗಳು ಸಲಹೆ ಕೊಡಬೇಕು, ಆ ಮನೆಯವರು ಕೇಳಬೇಕು, ಸಂವಿಧಾನ ಹಾಗೆನ್ನುತ್ತದೆ.

ಆದರೆ ಬಸ್ಸು ಕದಲಬೇಕಲ್ಲ! ರಸ್ತೆ ಅಗಲವಾಗಲು ಅರಮನೆ ಮೈದಾನದ ಅಂಚಿನ ಸುಮಾರು 15 ಎಕರೆ ಬೇಕು. ಅದಕ್ಕೆ ಬದಲಾಗಿ ರಾಜವಂಶಸ್ಥರಿಗೆ ಕೊಡಬೇಕಾದ ಅಭಿವೃದ್ಧಿ ಹಕ್ಕಿನ ಬೆಲೆ 3 ಸಾವಿರ ಕೋಟಿ ದಾಟುತ್ತದೆಂದು 2025ರಲ್ಲಿ ಸರ್ಕಾರ ಬೆಚ್ಚಿ ಕೂತಿತು. 1996ರಲ್ಲಿ ಅರಮನೆಯ ಇಡೀ 472 ಎಕರೆಯನ್ನೂ 11 ಕೋಟಿಗೆ ಪಡೆಯಲು ಕಾನೂನು ಮಾಡಿದ್ದ ಸರ್ಕಾರವೇ ಇದು.

ನಾನೂ ಸಲಹೆ ಕೊಟ್ಟವನೇ. ನಮ್ಮ ಬಡಾವಣೆಯ ರಸ್ತೆಯೊಂದರ ಬಗ್ಗೆ ‘ಸಾರ್ವಜನಿಕರಿಂದ ಸಲಹೆ-ಸೂಚನೆ ಆಹ್ವಾನಿಸಲಾಗಿದೆ’ ಎಂಬ ಪ್ರಕಟಣೆ ಓದಿ, ನಕ್ಷೆ ಸಮೇತ ನಾಲ್ಕು ಪುಟ ಬರೆದು ಕಚೇರಿಯೊಂದಕ್ಕೆ ತಲುಪಿಸಿದೆ. ಸೀಲು ಒತ್ತಿ ಸ್ವೀಕೃತಿ ಕೊಟ್ಟರು. ಮೂರನೇ ತಿಂಗಳು ವಿಚಾರಿಸಲು ಹೋದಾಗ ಗುಮಾಸ್ತರು ಮೆಲ್ಲಗೆ ಕೇಳಿದರು: “ನಿಮ್ಮ ಹಿಂದೆ ಯಾರಿದ್ದಾರೆ ಸಾರ್?”

ನಾನು ತಿರುಗಿ ನೋಡಿದೆ. ಕ್ಯೂ ಇತ್ತು. ದಂಡಿರಲಿಲ್ಲ.