ನಾಲ್ಕು ಜನ, ಒಂದು ಬಕ್ಕಿ, ಬೇಕಾದಷ್ಟು ಬಯಲು: ಸಹಯಾನ ಮೀಮಾಂಸೆಗೊಂದು ಪ್ರಸ್ತಾವನೆ

ಪ್ರಸ್ತುತ ಪ್ರಬಂಧವು ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಒಂದೇ ವಾಹನದೊಳಗೆ ಇಪ್ಪತ್ತೆರಡು ದಿನ ಪರಸ್ಪರ ಸಹಿಸಿಕೊಂಡ ನಾಲ್ವರು ಕನ್ನಡಿಗರ ಸಹಯಾನಾನುಭವವನ್ನು ಅಂತರ್‌ಶಿಸ್ತೀಯ ನೆಲೆಯಲ್ಲಿ, ವಸಾಹತೋತ್ತರ ಸಂಕಥನದ ಚೌಕಟ್ಟಿನೊಳಗೆ, ದೇಸಿ ಪರಿಪ್ರೇಕ್ಷ್ಯದಿಂದ ಅನುಸಂಧಾನ ಮಾಡುವ ವಿನಮ್ರ ಯತ್ನವಾಗಿದೆ. 'ವಿನಮ್ರ' ಎಂಬ ಪದ ರೂಢಿಯ ಪ್ರಕಾರ ಬಂದಿದೆ, ಅದಕ್ಕೆ ಅರ್ಥ ಹುಡುಕಬಾರದು.

ಅಧ್ಯಯನದ ಪ್ರೇರಣೆ. ಪ್ರಯಾಣ ಮುಗಿಸಿ ಊರಿಗೆ ಬಂದ ನಾಲ್ಕನೇ ತಿಂಗಳು ನಮ್ಮ ಸಹಯಾನಿಗಳಲ್ಲೊಬ್ಬರಾದ ನಿವೃತ್ತ ಪ್ರಾಧ್ಯಾಪಕರು ವಿಚಾರ ಸಂಕಿರಣವೊಂದರಲ್ಲಿ 'ನಮೀಬಿಯಾದ ಬಯಲು ಮತ್ತು ವಚನಕಾರರ ಬಯಲು: ಒಂದು ತೌಲನಿಕ ಅಧ್ಯಯನ' ಎಂಬ ಪ್ರಬಂಧವನ್ನು ಐವತ್ತು ನಿಮಿಷ ಓದಿದರು. ಇಪ್ಪತ್ತು ನಿಮಿಷ ಎಂದು ಆಹ್ವಾನ ಪತ್ರಿಕೆಯಲ್ಲಿತ್ತು. ಅವರು ನನ್ನ ಭಾವನ ಸೋದರಮಾವ. ಆದ್ದರಿಂದ ನಾನು ಎರಡನೇ ಸಾಲಿನಲ್ಲೇ ಕೂರಬೇಕಾಯಿತು. "ಅಲ್ಲಿ ಏನೂ ಇಲ್ಲ. ಏನೂ ಇಲ್ಲದಿರುವುದೇ ಅಲ್ಲಿನ ದರ್ಶನ" ಎಂದು ಅವರು ಮುಗಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಅರ್ಧ ಚಪ್ಪಾಳೆ ಊಟಕ್ಕೆ ಬಿಟ್ಟದ್ದಕ್ಕೆ ಎಂದಿಟ್ಟುಕೊಂಡರೂ ಉಳಿದರ್ಧ ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಕರಗಿಲ್ಲ.

ಅಧ್ಯಯನದ ವ್ಯಾಪ್ತಿ. ಜೊಹಾನ್ಸ್‌ಬರ್ಗ್‌ನಿಂದ ಹೊರಟು ಬೋಟ್ಸ್ವಾನಾದ ಉದ್ದಕ್ಕೂ ಕಸಾನೆಯವರೆಗೆ, ಕಜುಂಗುಲ ಸೇತುವೆಯ ಮೇಲೆ ಜಾಂಬಿಯಾಕ್ಕೆ, ಜಲಪಾತ ನೋಡಿ ನಮೀಬಿಯಾದ ಈಶಾನ್ಯ ಮೂಲೆಯಿಂದ ಒಳಹೊಕ್ಕು, ಎಟೋಶ, ಸಮುದ್ರ, ಮರಳು, ವಿಂಡ್‌ಹುಕ್ ಎಲ್ಲ ಮುಗಿಸಿ ಕಲಹರಿಯ ಮೇಲೆ ವಾಪಸು. ಅಧ್ಯಯನದ ಮಿತಿ: ಸಿಂಹ ಕಾಣಲಿಲ್ಲ.

ಪಾರಿಭಾಷಿಕ ಪದ. ಬಕ್ಕಿ ಎಂದರೆ ಹಕ್ಕಿಯಲ್ಲ. ಹಿಂದೆ ತೆರೆದ ತೊಟ್ಟಿಯಿರುವ ಪಿಕಪ್ ಗಾಡಿಯನ್ನು ಅಲ್ಲಿಯ ಜನ ಹಾಗೆನ್ನುತ್ತಾರೆ. ನಮ್ಮದು ನಾಲ್ಕು ಬಾಗಿಲಿನದು, ನೆತ್ತಿಯ ಮೇಲೆ ಎರಡು ಗುಡಾರ, ಹೊಟ್ಟೆಯಲ್ಲಿ ಇಪ್ಪತ್ತು ಲೀಟರಿನ ನೀರಿನ ಡಬ್ಬ. ಈ ಡಬ್ಬದ ವಿಷಯ ಮುಂದೆ ಬರುತ್ತದೆ.

ಸಹಯಾನಿಗಳಲ್ಲಿ ಏಳು ಪ್ರಭೇದಗಳು. ಅವು ಕ್ರಮವಾಗಿ ಹೀಗಿವೆ.

ಪ್ರಥಮ ಪ್ರಭೇದ: ಚಕ್ರಪಾಣಿ. ಸ್ಟಿಯರಿಂಗ್ ಹಿಡಿದವನು. ಸ್ಥಿತಿ-ಗತಿ ಎರಡಕ್ಕೂ ಕಾರಣನಾದ್ದರಿಂದ ಈ ನಾಮಧೇಯ. ನಮ್ಮಲ್ಲಿ ಈ ಸ್ಥಾನ ಭಾವನದು. ಇಪ್ಪತ್ತು ವರ್ಷ ಜೊಹಾನ್ಸ್‌ಬರ್ಗ್‌ನಲ್ಲಿದ್ದು ಅವನು ಸಿಗ್ನಲ್ ದೀಪಕ್ಕೆ 'ರೋಬೋಟ್' ಎನ್ನುವಷ್ಟು ಆ ನಾಡಿನವನಾಗಿದ್ದಾನೆ. 'ಜಸ್ಟ್ ನೌ' ಎಂದರೆ ಇನ್ನೆರಡು ಗಂಟೆಯೂ ಆಗಬಹುದು, ನಾಳೆಯೂ ಆಗಬಹುದು ಎಂಬುದು ಅವನಿಂದ ತಿಳಿದದ್ದು. ಚಕ್ರಪಾಣಿಯ ಪ್ರಧಾನ ಲಕ್ಷಣವೆಂದರೆ ಟೈರಿನ ಗಾಳಿ. ನಮೀಬಿಯಾದ ಬಹುಪಾಲು ರಸ್ತೆ ಜಲ್ಲಿಯದು. ಗಾಡಿಗಳು ಓಡಿ ಓಡಿ ಅದರ ಮೈ ರಾಗಿ ಬೀಸುವ ಕಲ್ಲಿಗೆ ಉಳಿ ಹಾಕಿದಂತೆ ಗೀರುಗೀರಾಗಿರುತ್ತದೆ. ಗಾಳಿ ಇಳಿಸಿದರೆ ಟೈರು ಅಗಲವಾಗಿ ಕೂತು ಗಾಡಿ ತೇಲುತ್ತದೆ. ಇಳಿಸದಿದ್ದರೆ ಮೊದಲು ಹಲ್ಲು, ಆಮೇಲೆ ಸಂಬಂಧಗಳು ಸಡಿಲವಾಗುತ್ತವೆ. ಮತ್ತೆ ಡಾಂಬರು ಸಿಕ್ಕಿದೊಡನೆ ಗಾಳಿ ತುಂಬಬೇಕು. ಭಾವ ದಿನಕ್ಕೆ ಮೂರು ಬಾರಿ, ಸಂಧ್ಯಾವಂದನೆಯ ಹೊತ್ತಿಗೆ ಸರಿಯಾಗಿ ಇದನ್ನು ಮಾಡಿದ. ಕತ್ತಲಾದ ಮೇಲೆ ಗಾಡಿ ಓಡಿಸುವುದಿಲ್ಲವೆಂದು ಬಾಡಿಗೆ ಕರಾರಿನಲ್ಲೇ ಇತ್ತು. ಏಕೆಂದರೆ ಕುಡು ಎಂಬ ಎತ್ತಿನಷ್ಟು ದೊಡ್ಡ ಜಿಂಕೆ ಹೆಡ್‌ಲೈಟಿಗೆ ಬೆದರಿ ಗಾಡಿಯ ಮೇಲೇ ನೆಗೆಯುತ್ತದೆ. ಈ ಕುರಿತು ಪ್ರಾಧ್ಯಾಪಕರು 'ಬೆಳಕು ಮತ್ತು ಬಲಿ' ಎಂದು ಅರ್ಧ ಗಂಟೆ ಮಾತಾಡಿದರು.

ದ್ವಿತೀಯ ಪ್ರಭೇದ: ದಿಕ್ಪಾಲಕ. ಚಕ್ರಪಾಣಿಯ ಎಡಕ್ಕೆ ಕೂತು ನಕ್ಷೆ ನೋಡುವವನು. ತಪ್ಪಿದ ಪ್ರತಿ ತಿರುವಿಗೂ ಅವನೇ ಹೊಣೆ. ಸರಿಯಾಗಿ ತಿರುಗಿದ್ದಕ್ಕೆ ಯಾರಿಗೂ ಹೊಣೆಯಿಲ್ಲ. ಈ ಪಾತ್ರ ಪ್ರಬಂಧಕಾರನದೇ ಆದ್ದರಿಂದ ಇಲ್ಲಿ ವಸ್ತುನಿಷ್ಠತೆಯನ್ನು ಸಂಪೂರ್ಣವಾಗಿ ಕೈಬಿಡಲಾಗಿದೆ.

ನನ್ನ ಸಮರ್ಥನೆಗೆ ಪೂರ್ವಸೂರಿಯೊಬ್ಬರಿದ್ದಾರೆ. ನಮೀಬಿಯಾದ ನಕ್ಷೆ ನೋಡಿದರೆ ಈಶಾನ್ಯಕ್ಕೆ ಬಾಣಲೆಯ ಹಿಡಿಯಂತೆ ಸುಮಾರು 450 ಕಿ.ಮೀ. ಉದ್ದದ ಒಂದು ಪಟ್ಟಿ ಚಾಚಿಕೊಂಡಿದೆ. 1890ರಲ್ಲಿ ಜರ್ಮನಿ ಬ್ರಿಟನ್ನಿನೊಡನೆ ಒಪ್ಪಂದ ಮಾಡಿಕೊಂಡು, ಜಾಂಜಿಬಾರ್ ಮೇಲಿನ ತಗಾದೆ ಬಿಟ್ಟು, ಹೆಲಿಗೊಲ್ಯಾಂಡ್ ದ್ವೀಪದ ಜೊತೆಗೆ ಈ ಪಟ್ಟಿಯನ್ನೂ ಗಿಟ್ಟಿಸಿತು. ಜಾಂಬೆಜಿ ನದಿಯವರೆಗೆ ತಲುಪಿಬಿಟ್ಟರೆ ಅಲ್ಲಿಂದ ದೋಣಿಯಲ್ಲಿ ಹಿಂದೂ ಮಹಾಸಾಗರಕ್ಕೇ ಇಳಿಯಬಹುದು ಎಂಬ ಲೆಕ್ಕ. ಆ ನದಿ ಸ್ವಲ್ಪ ಕೆಳಗೆ 108 ಮೀಟರ್ ಆಳಕ್ಕೆ, 1,700 ಮೀಟರ್ ಅಗಲಕ್ಕೆ ದುಮುಕುತ್ತದೆ. ಲಿವಿಂಗ್‌ಸ್ಟನ್ 1855ರಲ್ಲೇ ಅದನ್ನು ಕಂಡು ತನ್ನ ರಾಣಿಯ ಹೆಸರಿಟ್ಟಾಗಿತ್ತು. ಅಲ್ಲಿಯ ಜನ ಅದಕ್ಕೂ ಮುಂಚಿನಿಂದ ಮೋಸಿ-ಓಆ-ತುನ್ಯ, ಗುಡುಗುವ ಹೊಗೆ, ಎನ್ನುತ್ತಿದ್ದರು. ಪುಸ್ತಕ ಬಂದಿತ್ತು, ಜಗತ್ತೇ ಓದಿತ್ತು. ಆದರೂ ಬರ್ಲಿನ್ನಿನ ದಿಕ್ಪಾಲಕರಿಗೆ ಅದು ದೋಣಿಯ ದಾರಿಯಾಗಿ ಕಂಡಿತು. ಪಟ್ಟಿಗೆ ಚಾನ್ಸಲರ್ ಕಾಪ್ರಿವಿಯ ಹೆಸರು ಬಿತ್ತು. 2013ರಲ್ಲಷ್ಟೇ ಆ ಆಡಳಿತ ಪ್ರದೇಶ ಜಾಂಬೆಜಿ ಎಂದು ಹೆಸರು ಬದಲಿಸಿಕೊಂಡಿತು. ನಾನು ಇಡೀ ಪ್ರಯಾಣದಲ್ಲಿ ತಪ್ಪಿಸಿದ್ದು ಒಟ್ಟು 61 ಕಿ.ಮೀ. ಮಾತ್ರ. ಅದಕ್ಕೇ ಭಾವ, "ನಿನ್ನ ಕೈಗೆ ನಕ್ಷೆ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ" ಎಂದ.

ತೃತೀಯ ಪ್ರಭೇದ: ಅನ್ನಪೂರ್ಣೆ. ಹಿಂದಿನ ಸೀಟಿನಲ್ಲಿ ಡಬ್ಬಿಗಳ ನಡುವೆ ವಿರಾಜಮಾನಳಾದ ನನ್ನ ಅಕ್ಕ. ಆಫ್ರಿಕಾನ್ಸ್ ಭಾಷೆಯಲ್ಲಿ ಪ್ರಯಾಣದ ಬುತ್ತಿಗೆ 'ಪಾಡ್‌ಕೋಸ್' ಎಂಬ ಪದವೇ ಇದೆ. ಪಾಡ್ ಎಂದರೆ ದಾರಿ, ಕೋಸ್ ಎಂದರೆ ಊಟ. ಅಕ್ಕನಿಗೆ ಈ ಪದ ಕೇಳಿದ ಕೂಡಲೇ ಆ ಭಾಷೆಯ ಮೇಲೆ ಗೌರವ ಬಂತು. ಅವಳ ಪಾಡ್‌ಕೋಸ್ ಹೀಗಿತ್ತು: ಅವಲಕ್ಕಿ, ಶೇಂಗಾ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹುರಿಹಿಟ್ಟು, ಮಾವಿನ ಮಿಡಿ ಉಪ್ಪಿನಕಾಯಿ ಎರಡು ಭರಣಿ. ರಸ್ತೆ ಬದಿಯಲ್ಲಿ ಸಿಗುತ್ತಿದ್ದದ್ದು ಮೆಕ್ಕೆಜೋಳದ ಹಿಟ್ಟಿನ ಪಾಪ್. ಅದೇ ಜಾಂಬಿಯಾದಲ್ಲಿ ನ್ಶಿಮಾ. ನೋಡಲಿಕ್ಕೆ ಬಿಳಿಯ ಮುದ್ದೆ. ಅಕ್ಕ ಒಂದು ತುತ್ತು ಮುರಿದು ನುಂಗಿ, "ಅಗೀಬೇಡ್ರೋ, ನುಂಗ್ರಿ. ನಮ್ಮದೇ ಇದು" ಎಂದಳು. ಇಡೀ ಪ್ರಯಾಣದ ಏಕೈಕ ತೌಲನಿಕ ಅಧ್ಯಯನ ಅದು.

ರುಂಡುವಿನಿಂದ ದಕ್ಷಿಣಕ್ಕೆ ಬರುವಾಗ ಮುರುರಾನಿ ಎಂಬಲ್ಲಿ ಒಂದು ಗೇಟು. ಗಾಡಿ ನಿಲ್ಲಿಸಿ, ಮಾಂಸ ಇದೆಯೇ ಎಂದು ಕೇಳುತ್ತಾರೆ. ಸಮವಸ್ತ್ರದ ಹೆಣ್ಣುಮಗಳೊಬ್ಬಳು ನಮ್ಮ ಫ್ರಿಜ್ ತೆಗೆದು, ಕೆಂಪಗೆ ಎಣ್ಣೆಯಲ್ಲಿ ಮುಳುಗಿದ ಭರಣಿ ಕಂಡು ಹುಬ್ಬು ಗಂಟಿಕ್ಕಿದಳು. ಅಕ್ಕ ಶುದ್ಧ ಕನ್ನಡದಲ್ಲಿ, "ನಾವು ಮಾಂಸ ಮುಟ್ಟೋದೇ ಇಲ್ಲ ತಾಯಿ" ಎಂದು ಮುಚ್ಚಳ ತೆರೆದಳು. ಆಕೆ ಮೂಸಿ ನೋಡಿ, ನಾಲ್ಕು ಸಲ ಸೀನಿ, ನಗುತ್ತ ಮುಚ್ಚಳ ಹಾಕಿ ಕಳಿಸಿದಳು. ಈ ಗೇಟು ಇರುವುದು 'ಕೆಂಪು ಗೆರೆ' ಎಂಬ ಬೇಲಿಯ ಮೇಲೆ. 1896-97ರಲ್ಲಿ ದನಗಳ ದೊಡ್ಡರೋಗ ಬಂದಾಗ ಜರ್ಮನರು ಅಡ್ಡಹಾಕಿದ ತಡೆ ಅದು. ಉತ್ತರದ ಜನರ ದನ ದಕ್ಷಿಣಕ್ಕೆ ಬರಬಾರದು. ದಕ್ಷಿಣದಲ್ಲಿ ಬಿಳಿಯರ ಫಾರ್ಮುಗಳು. ರೋಗ ಹೋಯಿತು, ಜರ್ಮನರು ಹೋದರು, 1990ರಲ್ಲಿ ಸ್ವಾತಂತ್ರ್ಯವೂ ಬಂತು. ಬೇಲಿ, ಈಗ ಕಾಲುಬಾಯಿ ರೋಗದ ಹೆಸರಿನಲ್ಲಿ, ಹಾಗೇ ನಿಂತಿದೆ.

ಚತುರ್ಥ ಪ್ರಭೇದ: ಭಾಷ್ಯಕಾರ. ಇವರು ಗಾಡಿ ಓಡಿಸುವುದಿಲ್ಲ, ನಕ್ಷೆ ನೋಡುವುದಿಲ್ಲ, ಪಾತ್ರೆ ತೊಳೆಯುವುದಿಲ್ಲ. ಅರ್ಥ ಹೇಳುತ್ತಾರೆ. ಜಲಪಾತದಲ್ಲಿ 'ಪತನದ ಊರ್ಧ್ವಮುಖತೆ' ಎಂದು ಬರೆದುಕೊಳ್ಳುತ್ತಿದ್ದಾಗ ತುಂತುರಿಗೆ ಶಾಯಿ ಕರಗಿ ಹೋಯಿತು. ಪ್ರಕೃತಿ ಮಾಡಿದ ಏಕೈಕ ಸಂಪಾದಕೀಯ ಕೆಲಸ ಅದು. ಡೆಡ್‌ವ್ಲೈನಲ್ಲಿ ಬಿಳಿ ಜೇಡಿಯ ನೆಲದ ಮೇಲೆ ಶತಮಾನಗಳ ಹಿಂದೆಯೇ ಸತ್ತ ಮರಗಳು ಕೊಳೆಯಲಿಕ್ಕೂ ತೇವವಿಲ್ಲದೆ ಕಪ್ಪಗೆ ನಿಂತಿವೆ. ನಾವು ಮೂವರೂ ಬಾಯಿ ಮುಚ್ಚಿ ನಿಂತಿದ್ದೆವು. ಪ್ರಾಧ್ಯಾಪಕರು ಅಲ್ಲಮನನ್ನು ಕರೆತಂದರು. ಶೂನ್ಯ, ನಿಶ್ಶೂನ್ಯ, ಬಟ್ಟಬಯಲು. ಅಲ್ಲಮ ಹೇಗೋ ತಪ್ಪಿಸಿಕೊಂಡಾನು, ಅವನಿಗೆ ಅಭ್ಯಾಸವಿದೆ. ಆ ಸಂಜೆ ಸೆಸ್ರಿಯೆಮ್ ಬಿಡಾರದಲ್ಲಿ ಇವರು ಕುಡಿಯುವ ನೀರಿನ ಡಬ್ಬ ಬಗ್ಗಿಸಿ ಕಾಲು ತೊಳೆದುಕೊಂಡರು. "ಮಾವ, ಮರುಭೂಮಿ ಇದು!" ಎಂದಳು ಅಕ್ಕ. "ಮರಳು ಕಾಲಿಗೆ ಅಂಟಿತ್ತಮ್ಮ" ಎಂದರು. ಅಕ್ಕ ಎರಡು ದಿನ ಅವರಿಗೆ ಉಪ್ಪಿನಕಾಯಿ ಕೊಡಲಿಲ್ಲ.

ಪಂಚಮ ಪ್ರಭೇದ

ಇಲ್ಲಿ ನಿಲ್ಲಿಸುತ್ತೇನೆ. ಉಳಿದ ಮೂರಕ್ಕೂ ಹೆಸರು ಇಟ್ಟುಕೊಂಡಿದ್ದೆ, ಒಂದು ಗೊರಕೆಗೆ ಸಂಬಂಧಿಸಿದ್ದು. ಆದರೆ ಮರಳಿನಿಂದ ವಿಂಡ್‌ಹುಕ್‌ಗೆ ಹೋಗುವಾಗ ನಾವು ಹಾದದ್ದು ರೆಹೊಬೊತ್ ಎಂಬ ಊರನ್ನು. 1908ರಲ್ಲಿ ಓಯ್ಗೆನ್ ಫಿಷರ್ ಎಂಬ ಜರ್ಮನ್ ವಿದ್ವಾಂಸ ಅಲ್ಲಿಗೆ ಬಂದು, ಮಿಶ್ರ ಸಂತಾನದ ಜನರ ತಲೆ, ಮೂಗು, ಕೂದಲು, ಕಣ್ಣಿನ ಬಣ್ಣ ಎಲ್ಲ ಅಳೆದು, ಪ್ರಭೇದ ಮಾಡಿ, 1913ರಲ್ಲಿ ಪುಸ್ತಕ ತಂದ. ಬಹಳ ಗೌರವ ಸಿಕ್ಕಿತು. ಮುಂದೆ ಬರ್ಲಿನ್ನಿನಲ್ಲಿ ದೊಡ್ಡ ಸಂಸ್ಥೆಯ ಮುಖ್ಯಸ್ಥನಾದ, ನಾಜಿಗಳಿಗೂ ಬೇಕಾದವನಾದ. ಅದಕ್ಕೂ ಮೊದಲು, ಇಲ್ಲಿಯ ಜರ್ಮನ್ ಸೆರೆಶಿಬಿರಗಳಲ್ಲಿ ಸತ್ತವರ ತಲೆಗಳು ಜರ್ಮನಿಯ ಪ್ರಯೋಗಾಲಯಗಳಿಗೆ ಹೋಗುತ್ತಿದ್ದವು. ಆ ತಲೆಗಳನ್ನು ಬೇಯಿಸಿ, ಗಾಜಿನ ಚೂರಿನಿಂದ ಮಾಂಸ ಹೆರೆದು ಕೊಡುವ ಕೆಲಸವನ್ನು ಶಿಬಿರದ ಹೆಂಗಸರಿಂದಲೇ ಮಾಡಿಸಿದರು. ತಮ್ಮವರದೇ ತಲೆಗಳು. ಕೆಲವು ಬುರುಡೆಗಳು 2011, 2014, 2018ರಲ್ಲಿ ವಾಪಸು ಬಂದವು. ವರ್ಗೀಕರಣವೆಂಬ ವಿದ್ಯೆ ಈ ನೆಲದಲ್ಲಿ ಏನು ಮಾಡಿದೆ ಎಂದು ಗೊತ್ತಾದ ಮೇಲೆ ನನ್ನ ಏಳು ಪ್ರಭೇದಗಳ ತಮಾಷೆ ಬಾಯಲ್ಲಿ ಕಹಿಯಾಯಿತು.

ಸ್ವಾಕೊಪ್‌ಮುಂಡ್‌ನಲ್ಲಿ ನಾವು ಎರಡು ದಿನ ಇದ್ದೆವು. ಸಮುದ್ರದ ಮಂಜು, ಜರ್ಮನ್ ಬೇಕರಿ, ಒಳ್ಳೆಯ ಕಾಫಿ. ಊರ ಸ್ಮಶಾನದ ಒಂದು ಕಡೆ ಹೆಸರು ಕೆತ್ತಿದ ಅಮೃತಶಿಲೆ. ಅದರಾಚೆ ಸಾಲುಸಾಲು ಮಣ್ಣಿನ ದಿಬ್ಬಗಳು, ಒಂದೊಂದೂ ಮನುಷ್ಯನ ಉದ್ದ. ಹೆಸರಿಲ್ಲ. ಅಂಥ ಶಿಬಿರದಲ್ಲಿ ಸತ್ತ, ಈ ನೆಲದವರೇ ಆದ ಹೆರೆರೊ ಜನ ಅಲ್ಲಿದ್ದಾರೆ. ಮರಳಲ್ಲಿ ಓಡುವ ನಾಲ್ಕು ಚಕ್ರದ ಬೈಕುಗಳು ಆ ಪಕ್ಕದಲ್ಲೇ ಬಾಡಿಗೆಗೆ ಸಿಗುತ್ತವೆ. ಭಾವ ಟೋಪಿ ತೆಗೆದ. ಪ್ರಾಧ್ಯಾಪಕರು ಗಾಡಿಯಲ್ಲೇ ಕೂತು ಟಿಪ್ಪಣಿ ಬರೆಯುತ್ತಿದ್ದರು.

'ಅಲ್ಲಿ ಏನೂ ಇಲ್ಲ' ಎಂದರಲ್ಲ, ಸಾರ್. ಸರಿ. ಕರ್ನಾಟಕದ ನಾಲ್ಕು ಪಟ್ಟು ನೆಲ, ಮೂವತ್ತು ಲಕ್ಷ ಜನ. ಗಂಟೆಗಟ್ಟಲೆ ಹೋದರೂ ಒಂದು ಮನೆ ಕಾಣುವುದಿಲ್ಲ. ಆದರೆ ರಸ್ತೆಯ ಎರಡೂ ಪಕ್ಕ ತಂತಿಬೇಲಿ ಕಾಣುತ್ತದೆ, ನೂರಾರು ಕಿಲೋಮೀಟರ್. ಬಯಲಿಗೆ ಬೇಲಿ ಯಾಕೆ? ವಾಟರ್‌ಬರ್ಗ್ ಗುಡ್ಡದ ಬುಡದಲ್ಲಿ 1904ರ ಆಗಸ್ಟ್‌ನಲ್ಲಿ ಯುದ್ಧ ನಡೆಯಿತು. ಸೋತ ಹೆರೆರೊಗಳು ಹೆಂಡಿರು ಮಕ್ಕಳು ದನಕರು ಸಮೇತ ಪೂರ್ವಕ್ಕೆ, ಒಮಹೆಕೆ ಮರುಭೂಮಿಯ ಕಡೆ ಓಡಿದರು. ಜರ್ಮನ್ ಜನರಲ್ ಫಾನ್ ಟ್ರೋಥಾನ ಪಡೆ ಹಿಂದೆ ನೀರಿನ ಹೊಂಡಗಳನ್ನು ಕಾವಲು ಹಾಕಿ ಕೂತಿತು. ಅಕ್ಟೋಬರ್ 2ರಂದು ಅವನು ಆಜ್ಞೆ ಹೊರಡಿಸಿದ: ಈ ಸೀಮೆಯೊಳಗೆ ಸಿಕ್ಕ ಹೆರೆರೊಗೆ, ಕೈಯಲ್ಲಿ ಬಂದೂಕಿರಲಿ ಇಲ್ಲದಿರಲಿ, ಗುಂಡು. ಸುಮಾರು 80,000 ಇದ್ದ ಜನ 1911ರ ಎಣಿಕೆಯಲ್ಲಿ 15,000 ಉಳಿದಿದ್ದರು. ನಡುವೆ, 1905ರ ಡಿಸೆಂಬರಿನಲ್ಲಿ, ಸತ್ತವರ ಮತ್ತು ಉಳಿದವರ ನೆಲವನ್ನೆಲ್ಲ ಕೈಸರನ ಆಜ್ಞೆ ಮುಟ್ಟುಗೋಲು ಹಾಕಿತು. ಜರ್ಮನಿ ಇದನ್ನು ನರಮೇಧವೆಂದು ಒಪ್ಪಿದ್ದು 2021ರಲ್ಲಿ. ವಾಣಿಜ್ಯ ಕೃಷಿಭೂಮಿಯಲ್ಲಿ ಶೇ. 70ರಷ್ಟು ಬಿಳಿಯರ ಕೈಯಲ್ಲೇ ಇದೆ ಎಂದು 2018ರ ಸರ್ಕಾರಿ ಲೆಕ್ಕ ಹೇಳುತ್ತದೆ.

ಮೊದಲು ಶೂನ್ಯ ಮಾಡಿದರು, ಆಮೇಲೆ ಸಂಪಾದನೆ ಮಾಡಿದರು. ನಿಮ್ಮ ಪ್ರಬಂಧಕ್ಕೆ ಶೂನ್ಯಸಂಪಾದನೆ ಬೇಕಿತ್ತಲ್ಲ, ಇದೇ ಅದು. ವಚನಕಾರರು ತಾವಾಗಿ ಬಯಲಾಗಲು ಹೊರಟವರು. ಇವರನ್ನು ಬಯಲು ಮಾಡಿದರು. ಎರಡಕ್ಕೂ ಒಂದೇ ಪದ ಸಾಕು ಎನ್ನುವವರು ಕನ್ನಡ ಕಲಿಸಿದ್ದು ಮೂವತ್ತೈದು ವರ್ಷ!

ಕೋಪ ಬಂತು, ಪ್ರಬಂಧದ ಶಿಸ್ತು ಕೆಟ್ಟಿತು. ಉಪಸಂಹಾರ ಬರೆಯುವುದಿಲ್ಲ. ಕೊನೆಯ ದಿನದ ದಾಖಲೆಯೊಂದು ಬಾಕಿಯಿದೆ, ಅದನ್ನು ಹೇಳಿಬಿಡುತ್ತೇನೆ.

ಗೊಬಾಬಿಸ್‌ನಿಂದ ಬೋಟ್ಸ್ವಾನಾ ಗಡಿಗೆ ಸುಮಾರು 120 ಕಿ.ಮೀ. ಒಳ್ಳೆಯ ಡಾಂಬರು. ಅದು ಒಮಹೆಕೆ ಸೀಮೆ. ಹೆರೆರೊಗಳು ಓಡಿದ್ದೂ ಇದೇ ದಿಕ್ಕಿಗೆ, ಸ್ವಲ್ಪ ಉತ್ತರದಲ್ಲಿ. ಬಾವಿ ತೋಡಿ ತೋಡಿ ನೀರು ಸಿಗದೆ ಆ ಗುಂಡಿಗಳ ಸುತ್ತಲೇ ಸತ್ತರು. ಅವರ ನಾಯಕ ಸ್ಯಾಮ್ಯುಯೆಲ್ ಮಹರೆರೊ ಮತ್ತು ಕೆಲವರು ಮಾತ್ರ ಆಚೆ ಬ್ರಿಟಿಷರ ಸೀಮೆ ಮುಟ್ಟಿದರು. ಅವರ ಮೊಮ್ಮಕ್ಕಳು ಮರಿಮಕ್ಕಳು ಈಗಲೂ ಬೋಟ್ಸ್ವಾನಾದಲ್ಲಿದ್ದಾರೆ. ನಾವು ನಾಲ್ವರೂ ಮಾತು ಬಿಟ್ಟು ಎರಡು ದಿನವಾಗಿತ್ತು. ಎ.ಸಿ. ಹಾಕಿತ್ತು. ಪ್ರಾಧ್ಯಾಪಕರು ನಿದ್ದೆ ಮಾಡುತ್ತಿದ್ದರು. ಒಂದೂಕಾಲು ಗಂಟೆಯಲ್ಲಿ ಗಡಿ ತಲುಪಿದೆವು. ಅಲ್ಲಿ ಸರತಿಗೆ ನಿಲ್ಲುವ ಮೊದಲು ಡಬ್ಬದಲ್ಲಿ ಉಳಿದಿದ್ದ ಹನ್ನೆರಡು ಲೀಟರ್ ನೀರನ್ನು, ಪ್ಲಾಸ್ಟಿಕ್ ವಾಸನೆ ಬರುತ್ತಿದೆ ಎಂದು, ಮರಳಿಗೆ ಚೆಲ್ಲಿದೆವು. ಚೆಲ್ಲಿದವನು ನಾನೇ.