ಒಂದೇ ಅಂಕೆಯ ರಾಯರು

ಡೊಂಬಿವಲಿಯ ಕನ್ನಡಿಗರಲ್ಲಿ ರಾಯರೊಬ್ಬರು ಎಲ್ಲರಿಗೂ ಗೊತ್ತು. ಲಾಟರಿಯಲ್ಲಿ ಅವರು ಈವರೆಗೆ ಸೋತೇ ಇಲ್ಲ. "ಒಂದೇ ಅಂಕೆಯಲ್ಲಿ ತಪ್ಪಿತು ಮಾರಾಯ್ರೆ!" ಎನ್ನುತ್ತಾರೆ, ಅಷ್ಟೆ. ಕೊನೆಯ ಅಂಕೆ ಏಳರ ಬದಲು ಎಂಟಾದರೂ ಒಂದೇ ಅಂಕೆ, ಮೊದಲನೆಯದು ಎರಡರ ಬದಲು ಒಂಬತ್ತಾದರೂ ಒಂದೇ ಅಂಕೆ. ಆರಕ್ಕೆ ಆರೂ ಬೇರೆಯಾದ ದಿನ, ಸೀರೀಸಾದರೂ ಕೂಡಿತ್ತಲ್ಲ! ಆರಂಕಿಯ ಹತ್ತು ಲಕ್ಷ ಸಂಖ್ಯೆಗಳಲ್ಲಿ ಪಕ್ಕದ್ದಕ್ಕೂ ದೂರದ್ದಕ್ಕೂ ಸಿಗುವುದು ಒಂದೇ ಸೊನ್ನೆ ಎಂದರೆ, "ನಿಮಗೆ ಇದರ ಲೆಕ್ಕಾಚಾರ ತಿಳಿಯದು" ಎಂದು ಕನಿಕರಿಸುತ್ತಾರೆ.

ಮಟ್ಕಾ ಎಂದರೆ ಮಾತ್ರ ಕಿವಿ ಮುಚ್ಚಿಕೊಳ್ಳುತ್ತಾರೆ. 1962ರಲ್ಲಿ ಕಲ್ಯಾಣ್‌ಜಿ ಭಗತ್ ಶುರುಮಾಡಿದ ಆಟ ಅದು, ಶುದ್ಧ ಜೂಜು. ಲಾಟರಿ ಹಾಗಲ್ಲ, 1969ರಿಂದ ಮಹಾರಾಷ್ಟ್ರ ಸರ್ಕಾರವೇ ನಡೆಸುತ್ತಿದೆ, ಸರ್ಕಾರ ಜೂಜಾಡಿಸುತ್ತದೆಯೇ?

ಗೆದ್ದ ಮೇಲಿನ ಏರ್ಪಾಡೆಲ್ಲ ಮುಗಿದಿದೆ. ಲಾಟರಿ ಕಚೇರಿ ಇರುವುದು ವಾಶಿಯಲ್ಲಿ. ಠಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಲೋಕಲ್ ಹಿಡಿಯಬೇಕು, ಟಿಕೆಟ್ಟನ್ನು ಬನಿಯನ್ನಿನ ಒಳಜೇಬಲ್ಲಿ ಇಡಬೇಕು. ಒಂದೇ ಕೊರಗು: ಬಹುಮಾನದಲ್ಲಿ ನೂರಕ್ಕೆ ಮೂವತ್ತು ತೆರಿಗೆ ಹಿಡಿಯುತ್ತಾರೆ. ಬಾರದ ಕೋಟಿಯಲ್ಲಿ ಮೂವತ್ತು ಲಕ್ಷ ಕಳೆದುಕೊಂಡ ಸಂಕಟಕ್ಕೆ ಬಜೆಟ್ಟಿನ ದಿನ ಊಟ ಸೇರುವುದಿಲ್ಲ.

ಊರಿಗೆ ಹೋದರೆ ಚಡಪಡಿಕೆ. ಕರ್ನಾಟಕದಲ್ಲಿ 2007ರಿಂದ ಲಾಟರಿ ಬಂದ್. ಮಂಗಳೂರಲ್ಲಿ ಮದುವೆಯೂಟ ಮುಗಿದದ್ದೇ ತಡ, ರಾಯರಿಗೆ ಮಧೂರು ಗಣಪತಿಯ ಮೇಲೆ ಭಕ್ತಿ ಉಕ್ಕುತ್ತದೆ. ತಲಪಾಡಿ ದಾಟಿದರೆ ಕೇರಳ, ಕೇರಳದಲ್ಲಿ ಬಂಪರ್. ಗಣಪತಿಗೆ ಅಪ್ಪದ ಪ್ರಸಾದ ಮಾಡಿಸಲು ತೆಗೆದಿಟ್ಟ ದುಡ್ಡು ಎಷ್ಟೋ ಸಲ ಮಂಜೇಶ್ವರದಲ್ಲೇ ಕರಗಿರುತ್ತದೆ.

ಮನೆಯಲ್ಲಿ ಲೆಕ್ಕ ಇಡುವವರು ಅವರ ಹೆಂಡತಿ. ಹಾಲಿನ ಡೈರಿಯ ಹಿಂದಿನ ಪುಟಗಳಲ್ಲಿ ಟಿಕೆಟ್ಟಿನ ಖರ್ಚು, ಸೊಸೈಟಿ ಸಾಲದ ಕಂತು, ಮಗಳ ಫೀಸಿಗೆ ತಮ್ಮನಿಂದ ತಂದ ಕೈಗಡ ಎಲ್ಲವೂ ಇವೆ. ಒಮ್ಮೆ ಐನೂರು ರೂಪಾಯಿ ಬಂದದ್ದೂ ಇದೆ, ಅದರ ಕೆಳಗೇ ಗೆಳೆಯರಿಗೆ ಕೊಡಿಸಿದ ಪಾರ್ಟಿಯ ಎಂಟುನೂರೂ ಇದೆ. "ಬಳೆ ಎಲ್ಲಿ?" ಎಂದು ನೆಂಟರು ಕೇಳಿದರೆ ಆಕೆ ಸುಮ್ಮನಿರುತ್ತಾರೆ. ರಾಯರೇ ಮುಂದೆ ಬಂದು, "ಬ್ಯಾಂಕಿನಲ್ಲಿ ಕ್ಷೇಮವಾಗಿವೆ" ಎನ್ನುತ್ತಾರೆ. ಸುಳ್ಳಲ್ಲ, ಅಡವಿಟ್ಟ ಬಂಗಾರಕ್ಕೆ ಬ್ಯಾಂಕಿಗಿಂತ ಕ್ಷೇಮದ ಜಾಗ ಯಾವುದು? "ರೀ, ಬಿಡಿಸಿಕೊಳ್ಳುವುದು ಯಾವಾಗ?" ಎಂದು ಆಕೆ ಕೇಳಿದರೆ, "ದೀಪಾವಳಿ ಬಂಪರ್ ಆಗಲಿ."

ಮೊನ್ನೆ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಹುಡುಗರು ಹತ್ತು ರೂಪಾಯಿಯ ಲಕ್ಕಿ ಡಿಪ್ ಕೂಪನ್ ಹಿಡಿದು ಬಂದರು. ರಾಯರು ಕೈಮುಗಿದರು:

"ಬೇಡ ಮಕ್ಕಳೇ, ಅದೃಷ್ಟ ನಂಬಿ ದುಡ್ಡು ಹಾಕುವ ಬುದ್ಧಿ ನನಗೆ ಮೊದಲಿನಿಂದಲೂ ಇಲ್ಲ."