ಕುರ್ಚಿ ಐತಿ, ಕುಂದ್ರಾಕ ಎಲ್ಲೈತಿ?

ಈಗಿನ ಕುರ್ಚಿಯನ್ನು ಯಾರಾದರೂ ಕುರ್ಚಿ ಎಂದು ಕರೆದರೆ ಅದಕ್ಕೆ ಅವಮಾನ. ಅದು ಕೆಂಪು ತುಟಿಯಾಗಿರುತ್ತದೆ, ಕಳ್ಳಿಗಿಡವಾಗಿರುತ್ತದೆ, ಗಂಟುಗಂಟಾದ ಹಗ್ಗವಾಗಿರುತ್ತದೆ. ಕುರ್ಚಿಯೊಂದನ್ನು ಬಿಟ್ಟು ಏನು ಬೇಕಾದರೂ ಆಗಿರುತ್ತದೆ. ಅಂಥದ್ದರ ಮುಂದೆ ನಿಲ್ಲಿಸಿದರೆ ನಮ್ಮ ಬಾಗಲಕೋಟಿ ಸೀಮೆಯ ಮನುಷ್ಯ ಸುತ್ತು ಹಾಕಿ ನೋಡುತ್ತಾನೆ, ಬಗ್ಗಿ ನೋಡುತ್ತಾನೆ, ಆಮೇಲೆ ಬಲು ಮರ್ಯಾದೆಯಿಂದ ಕೇಳುತ್ತಾನೆ: ‘ಛಲೋ ಐತ್ರಿ. ಕುಂದ್ರಾಕ ಎಲ್ಲೈತಿ?’

ಹೀಗೆ ಕೇಳುವವನಿಗೆ ಕಟ್ಟಿಗೆಯ ಗಂಧ ಗೊತ್ತಿಲ್ಲ ಎಂದುಕೊಳ್ಳಬೇಡಿ. ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ಆಚೆ ಬನಶಂಕರಿ. ಬನದ ಹುಣ್ಣಿಮೆಗೆ ತೇರು ಎಳೆದರೆ ಮುಂದೆ ವಾರಗಟ್ಟಲೆ ಜಾತ್ರೆ. ಒಂದು ಕಡೆ ನಾಟಕ ಕಂಪನಿಗಳ ಗದ್ದಲ, ಇನ್ನೊಂದು ಕಡೆ ಕಟ್ಟಿಗೆಯ ಬಾಗಿಲು, ಚೌಕಟ್ಟುಗಳ ಪೇಟೆ. ಗೋಡೆಯಿಲ್ಲ, ಮಾಳಿಗೆಯಿಲ್ಲ, ಮನೆಯಂತೂ ಇಲ್ಲವೇ ಇಲ್ಲ. ಬಯಲಿನಲ್ಲಿ ಬರೀ ಬಾಗಿಲುಗಳು. ಇದನ್ನೇ ಇಟಲಿಯ ಮಿಲಾನಿನಲ್ಲಿ ನಿಲ್ಲಿಸಿ ಟಿಕೆಟ್ ಇಟ್ಟಿದ್ದರೆ ಜನ ದ್ರಾಕ್ಷಾರಸ ಹೀರುತ್ತ ‘ಆಹಾ, ಶೂನ್ಯಕ್ಕೊಂದು ಬಾಗಿಲು’ ಎಂದು ಉಸಿರು ಬಿಡುತ್ತಿದ್ದರು. ನಮ್ಮವರು ಮಿರ್ಚಿ ತಿಂದ ಕೈ ಧೋತರಕ್ಕೆ ಒರೆಸಿಕೊಂಡು ಬಾಗಿಲಿಗೆ ಗೆಣ್ಣಿನಿಂದ ಬಡಿಯುತ್ತಾರೆ, ಉಗುರಿನಿಂದ ಕೆರೆಯುತ್ತಾರೆ, ಒಂದು ಕಣ್ಣು ಮುಚ್ಚಿ ಅಂಚು ಸೊಟ್ಟ ಇದೆಯೇ ಎಂದು ಗುರಿ ಹಿಡಿಯುತ್ತಾರೆ. ಸಾಗವಾನಿ ಎಂದವನ ಮುಖ ನೋಡಿ ‘ಸಾಗವಾನಿ ಅಂತ ಇದಕ್ಕ ಗೊತ್ತೈತೇನು?’ ಎನ್ನುತ್ತಾರೆ. ಸರಕನ್ನು ಹೊಟ್ಟೆತುಂಬ ಬೈದ ಮೇಲೆಯೇ ವ್ಯಾಪಾರ ಕುದುರುವುದು.

ಇಂಥ ನಾಡಿಗೆ ನಮ್ಮ ತಂಗಿಯ ಮಗ ಬೆಂಗಳೂರಿನಲ್ಲಿ ಇಂಟೀರಿಯರ್ ಡಿಸೈನ್ ಕಲಿತು ಬಂದಿದ್ದಾನೆ. ಪಡಸಾಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಒಂದೊಂದೇ ಚಿತ್ರ ತೋರಿಸುತ್ತಾನೆ. ಪರೀಕ್ಷಕರು ಮೂವರು: ನಮ್ಮ ಅವ್ವ, ನಮ್ಮ ಮನಿಯಾಕಿ, ಬಾಜೂ ಮನೆಯ ಕಾಕಾ. ನಾನು ಗುಮಾಸ್ತ.

ಮೊದಲು ಬಂದದ್ದು ಎಟ್ಟೋರೆ ಸೊಟ್ಸಾಸ್ ಎಂಬಾತ ಮಿಲಾನಿನ ಮೆಂಫಿಸ್ ಬಳಗಕ್ಕಾಗಿ 1981ರಲ್ಲಿ ಮಾಡಿದ ‘ಕಾರ್ಲ್ಟನ್’ ಎಂಬ ಪುಸ್ತಕದ ಕಪಾಟು. ಹಲಗೆಗಳು ಅಡ್ಡ, ಓರೆ, ಮೇಲೆ, ಕೆಳಗೆ. ಬಣ್ಣ ಒಂದಕ್ಕೊಂದು ಸಂಬಂಧವಿಲ್ಲ. ಕೈ ಮೇಲೆತ್ತಿ ನಿಂತ ಮನುಷ್ಯನ ಆಕಾರ. ಕಾಕಾ ಕನ್ನಡಕ ಏರಿಸಿದರು. ‘ಪುಸ್ತಕ ಜಾರತಾವಲ್ಲೋ?’ ‘ಅದ ಅದರ ಮಜಾ, ಕಾಕಾ.’ ‘ಜಾರಿ ಬೀಳೂದು ಮಜಾ ಅಂದ್ರ ನಮ್ಮ ಬಚ್ಚಲಮನ್ಯಾಗ ಭಾಳ ಮಜಾ ಐತಿ.’ ಅಳಿಯ ಸೋಲಲಿಲ್ಲ. ಶ್ರೀಮಂತರ ಮರದ ಗತ್ತನ್ನು ಅಣಕಿಸಲೆಂದೇ ಸೊಟ್ಸಾಸ್ ಅಗ್ಗದ ಪ್ಲಾಸ್ಟಿಕ್ ಲ್ಯಾಮಿನೇಟ್ ಹಾಳೆ ಬಳಸಿದ ಎಂದು ವಿವರಿಸಿದ. ಅದು ನಾವು ಸನ್ಮೈಕಾ ಎನ್ನುವ ವಸ್ತುವೇ. ಚಹಾದಂಗಡಿಯ ಟೇಬಲ್ಲಿನ ಮೇಲೆ ನಲವತ್ತು ವರ್ಷ ಮೊಣಕೈ ಊರಿದ ಕಾಕಾ ಅವರಿಗೆ, ತಾವು ಇಷ್ಟು ದಿನ ಒಂದು ಕಲಾ ಚಳವಳಿಯ ಮೇಲೆ ಚಹಾ ಚೆಲ್ಲುತ್ತಿದ್ದೆವೆಂದು ಆಗ ತಿಳಿಯಿತು.

ಎರಡನೆಯದು 1968ರ ‘ಸಾಕ್ಕೋ’. ಗಟ್ಟಿ, ಪಾವೊಲಿನಿ, ತಿಯೊದೊರೊ ಎಂಬ ಮೂವರು ಸೇರಿ ಒಂದು ಚೀಲ ಹೊಲಿದು, ಅದರೊಳಗೆ ಥರ್ಮೊಕೋಲಿನ ಗುಳಿಗೆ ತುಂಬಿ, ಕುರ್ಚಿ ಎಂದರು. ಈಗ ಎಲ್ಲರ ಮನೆಯಲ್ಲಿ ಬೀನ್ ಬ್ಯಾಗ್ ಎಂದು ಬಿದ್ದಿರುವುದು ಇದರ ಸಂತತಿ. ಚೀಲದ ಮೇಲೆ ಕೂರುವ ವಿದ್ಯೆಯನ್ನು ನಮಗೆ ಇಟಲಿಯವರು ಕಲಿಸಬೇಕಿಲ್ಲ. ಎಪಿಎಂಸಿ ಅಡತಿ ಅಂಗಡಿಗಳಲ್ಲಿ ಜೋಳದ ಚೀಲದ ಮೇಲೆ ಕುಳಿತೇ ಎಷ್ಟೋ ಮದುವೆ ಮಾತುಕತೆ ಮುಗಿದಿವೆ. ಜೋಳದ ಚೀಲಕ್ಕೆ ಒಂದು ಹೆಚ್ಚುಗಾರಿಕೆಯೂ ಇದೆ: ಬೇಸರವಾದಾಗ ಬೀಸಿ ರೊಟ್ಟಿ ಬಡಿಯಬಹುದು. ಬೀನ್ ಬ್ಯಾಗಿಗೆ ಇರುವ ಗುಣ ಒಂದೇ, ಹಿರಿಯರನ್ನು ನುಂಗುವುದು. ಸಂಬಂಧಿಕರೊಬ್ಬರ ಫ್ಲಾಟಿನಲ್ಲಿ ನಮ್ಮ ಅವ್ವ ಅದರಲ್ಲಿ ಕುಳಿತಳು, ಅಂದರೆ ಇಳಿದಳು. ‘ಯಪ್ಪಾ, ಎಬ್ಬಸ್ರೋ’ ಎಂಬ ಕೂಗು ಕೇಳಿ ಇಬ್ಬರು ಗಂಡಸರು ಓಡಿ ಬಂದರು. ಮೇಲೆದ್ದವಳೇ, ‘ಹೊಲದಾಗ ಹುದುಲು ನೋಡಿದ್ದೆ, ಮನ್ಯಾಗ ನೋಡಿದ್ದಿಲ್ಲ’ ಎಂದಳು.

ಮುಂದೆ 1970ರ ‘ಬೋಕಾ’, ತುಟಿಯ ಸೋಫಾ. ಇದನ್ನು ಅಳಿಯ ಅವ್ವನಿಗೆ ತೋರಿಸದೆ ದಾಟಿಸಿದ; ಮನಿಯಾಕಿ ಮಾತ್ರ ನೋಡಿ, ‘ಬಾಯಿ ಇದ್ದಾವರು ನಿಮ್ಮ ಮನ್ಯಾಗ ಮೊದಲ ಭಾಳ ಮಂದಿ ಅದಾರ’ ಎಂದು ನನ್ನ ಕಡೆ ತಿರುಗಿದಳು. ಅದರ ಬೆನ್ನಿಗೆ 1972ರ ‘ಕ್ಯಾಕ್ಟಸ್’. ಆಳೆತ್ತರದ ಹಸಿರು ಕಳ್ಳಿ, ಮುಟ್ಟಿದರೆ ಮೆತ್ತಗೆ, ಕೋಟು ಹಾಕುವ ಗೂಟ. ಬಾದಾಮಿಯ ಬೇಲಿಗಳ ಮೇಲೆ ಧೋತರ, ಲಂಗ, ಕೂಸಿನ ಅರಿವೆ ಎಲ್ಲ ಒಣಗುವುದನ್ನು ಕಂಡವರಿಗೆ ಇದರಲ್ಲಿ ಹೊಸದು ಮುಳ್ಳಿಲ್ಲದಿರುವುದೊಂದೇ.

ಪಡಸಾಲೆ ಗಂಭೀರವಾದದ್ದು ಒಂದೇ ಒಂದು ಚಿತ್ರಕ್ಕೆ. 1957ರಲ್ಲಿ ಅಕಿಲೆ ಕಾಸ್ತಿಲಿಯೋನಿ ತನ್ನ ಅಣ್ಣನೊಂದಿಗೆ ಕೂಡಿ ಟ್ರ್ಯಾಕ್ಟರಿನ ಸೀಟನ್ನೇ ಕಿತ್ತು, ಬಾಗಿಸಿದ ಒಂದು ಉಕ್ಕಿನ ಪಟ್ಟಿಯ ತುದಿಗೆ ಕೂರಿಸಿ, ಕೆಳಗೆ ಒಂದು ಅಡ್ಡ ಕಟ್ಟಿಗೆ ಕೊಟ್ಟು ನಿಲ್ಲಿಸಿದ ಸ್ಟೂಲು. ಹೆಸರು ‘ಮೆಜಾದ್ರೊ’, ಪಾಲಿಗೆ ಹೊಲ ಮಾಡುವ ರೈತ. ಅದೇ ವರ್ಷ ಸೈಕಲ್ಲಿನ ಸೀಟನ್ನು ಕಂಬಕ್ಕೆ ಸಿಕ್ಕಿಸಿ, ತಳಕ್ಕೆ ಅರ್ಧಗೋಲ ಇಟ್ಟು ಇನ್ನೊಂದು ಮಾಡಿದರು. ಫೋನಿನಲ್ಲಿ ಮಾತಾಡುವಾಗ ಸುಮ್ಮನೆ ನಿಲ್ಲಲಾರದವರು ಓಲಾಡಿಕೊಂಡು ಮಾತಾಡಲಿ ಎಂದು. ಕಾಕಾ ಮೊಬೈಲು ಇಸಿದುಕೊಂಡು ಚಿತ್ರವನ್ನು ಹಿಗ್ಗಿಸಿ ನೋಡಿದರು. ‘ಈ ಮನಿಷ್ಯಾ ದಿನಾ ಟ್ರ್ಯಾಕ್ಟರ್ ಮ್ಯಾಲ ಕುಂತಾವನ ಕುಂಡಿ ನೋಡ್ಯಾನ’ ಎಂದು ತೀರ್ಪು ಕೊಟ್ಟರು. ವಿನ್ಯಾಸ ವಿಮರ್ಶೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇರಲಾರದು.

ಅಲ್ಲಿಗೆ ನನಗೆ ಗುಟ್ಟು ತಿಳಿಯಿತು. ಕೂರುವವನನ್ನು ನೋಡಿ ಮಾಡಿದ ತಮಾಷೆ ಬೇರೆ, ಫೋಟೊ ತೆಗೆಯುವವನನ್ನು ನೋಡಿ ಮಾಡಿದ ತಮಾಷೆ ಬೇರೆ. ಎರಡನೆಯದು ಒಂದೇ ಸಲ ನಗಿಸುತ್ತದೆ. ಆಮೇಲೆ ಅದರ ಧೂಳು ಒರೆಸುವವಳು ಅಳುತ್ತಾಳೆ. ಅದು ನೀನು ಹೀಗೇ ಕೂರಬೇಕು, ಇಷ್ಟೇ ಹೊತ್ತು ಕೂರಬೇಕು, ಕಾಲು ಮೇಲಿಡಬಾರದು ಎಂದು ಹೆಡ್‌ಮಾಸ್ತರನ ಕಟ್ಟಳೆ ಬೇರೆ ಮಾಡುತ್ತದೆ. ಕಾಲು ಮೇಲಿಡದೆ ಕೂರುವುದು ಉತ್ತರ ಕರ್ನಾಟಕದವನಿಗೆ ಶಿಕ್ಷೆ. ನಮ್ಮವರು ಮಗಳ ಮದುವೆಗೆಂದು ಸಾಲ ಮಾಡಿ ಸೋಫಾ ಸೆಟ್ ತರುತ್ತಾರೆ, ಮೇಲಿನ ಪ್ಲಾಸ್ಟಿಕ್ ಕವರು ತೆಗೆಯುವುದಿಲ್ಲ, ಆಮೇಲೆ ಕೆಳಗೆ ಜಮಖಾನ ಹಾಸಿ ಅದೇ ಸೋಫಾಕ್ಕೆ ಬೆನ್ನು ಆನಿಸಿ ಆರಾಮಾಗಿ ನೆಲದ ಮೇಲೆ ಕೂರುತ್ತಾರೆ. ಸೋಫಾ ಮಾಡಿದವನು ಇದನ್ನು ನೋಡಿದರೆ ಎದೆಯೊಡೆದುಕೊಳ್ಳಬೇಕು. ಅಷ್ಟು ದುಡ್ಡಿಗೆ ಬಂದದ್ದು ಒಂದು ತಕ್ಕೆ!

ಬಹುರೂಪಿ ಪೀಠೋಪಕರಣ ಎಂದು ಅಳಿಯ ಬಾಯಿತುಂಬ ಹೇಳುತ್ತಾನೆ. ಹಿತ್ತಲಲ್ಲಿ ಅಂಥದ್ದೊಂದು ಬಿದ್ದಿದೆ: ನುಲಿಯ ಹೊರಸು. ರಾತ್ರಿ ಮಂಚ, ಬೆಳಿಗ್ಗೆ ನ್ಯಾಯಕಟ್ಟೆ. ಮಾಘ ಕಳೆದರೆ ಶಾವಿಗೆ, ಹಪ್ಪಳ, ಸಂಡಿಗೆಯ ಒಣಹಾಕುವ ಅಟ್ಟಣಿಗೆ. ಎತ್ತಿ ನಿಲ್ಲಿಸಿದರೆ ಮರೆ, ಬೋರಲು ಹಾಕಿದರೆ ಕೋಳಿಗೂಡು, ನಾಲ್ವರು ಹೊತ್ತರೆ ಆಸ್ಪತ್ರೆಯ ಗಾಡಿ. ಬಾದಾಮಿಯ ಏಪ್ರಿಲ್ ಬಿಸಿಲಿಗೆ ಬಂಡೆಗಲ್ಲು ಕಾದು ರಾತ್ರಿಯಿಡೀ ಝಳ ಉಗುಳುವಾಗ ಕೆಳಗಿನಿಂದ ಗಾಳಿ ಬಿಡುವ ಹಾಸಿಗೆ ಇದೊಂದೇ. ಜೋಲುಬಿದ್ದರೆ ಕಾಲಕಡೆಯ ಹಗ್ಗ ಬಿಗಿದರಾಯಿತು; ಕಂಪನಿಗೆ ಫೋನು ಮಾಡಿ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಕೇಳಬೇಕಿಲ್ಲ. ಹಗ್ಗ ಹೊಸೆಯುವುದೇ ಕಾಯಕವಾಗಿದ್ದ ನುಲಿಯ ಚಂದಯ್ಯನನ್ನು, ಬಿದಿರು ಸೀಳುತ್ತಿದ್ದ ಮೇದರ ಕೇತಯ್ಯನನ್ನು ಹನ್ನೆರಡನೇ ಶತಮಾನದಲ್ಲೇ ಶರಣರ ಸಾಲಿನಲ್ಲಿ ಕೂರಿಸಿದ ಸೀಮೆ ಇದು. ಕೂಡಲಸಂಗಮ ಇಲ್ಲೇ ಹುನಗುಂದದ ಹತ್ತಿರ. ಅದೇ ಹಗ್ಗ, ಅದೇ ಬಿದಿರು ಈಗ ಬೆಂಗಳೂರಿನ ಶೋರೂಮಿನಲ್ಲಿ ‘ಕೈಹೆಣಿಗೆ’ ಎಂಬ ಚೀಟಿ ಅಂಟಿಸಿಕೊಂಡು ಗಾಜಿನ ಹಿಂದೆ ಕುಳಿತಿವೆ.

ಹಳೆಯದೆಲ್ಲ ಭೇಷ್ ಎನ್ನುವ ಮುದುಕನ ರಾಗ ಇದು ಎಂದು ಅಳಿಯ ಮೂಗು ಮುರಿದ. ಆಗ ಅವನನ್ನು ಗುಡ್ಡ ಹತ್ತಿಸಿದೆ. ಬಾದಾಮಿಯ ಮೂರನೆಯ ಗವಿ, ಮಂಗಲೇಶ 578ರಲ್ಲಿ ಮಾಡಿಸಿದ್ದು. ಶಕವರ್ಷ 500 ಎಂದು ಶಾಸನವೇ ಇದೆ. ಅಲ್ಲಿ ವಿಷ್ಣು ಆದಿಶೇಷನ ಸುರುಳಿಯ ಮೇಲೆ ಕಾಲು ಮಡಚಿ ಕುಳಿತಿದ್ದಾನೆ. ಮಲಗಿದರೆ ಹಾಸಿಗೆ, ಎದ್ದರೆ ಆಸನ, ತಲೆಯ ಮೇಲೆ ಹೆಡೆಯೇ ಛತ್ರಿ: ಸೋಫಾ ಕಮ್ ಬೆಡ್ ಎಂಬುದರ ಮೂಲಪುರುಷ. ಜಗತ್ತನ್ನು ಆಳುವವನೇ ಕಾಲು ಮೇಲೆ ಎಳೆದುಕೊಂಡು ಕುಳಿತಿರುವಾಗ ಕಾಕಾ ಅವರಿಗೆ ಯಾಕೆ ಬೇಡವೆನ್ನಬೇಕು? ಗವಿಗಳ ಜಗಲಿಯಂಚಿನಲ್ಲಿ ಗಿಡ್ಡಗಿಡ್ಡ ಗಣಗಳು ಹೊಟ್ಟೆ ಬಿಟ್ಟುಕೊಂಡು ಕುಣಿಯುತ್ತವೆ, ಹಲ್ಲು ಕಿಸಿಯುತ್ತವೆ. ಮೇಲೆ ದೇವರ ಭಾರ, ಕೆಳಗೆ ಇವರ ಚೇಷ್ಟೆ. ಅಲ್ಲಿಂದ ಐಹೊಳೆಗೆ ಕರೆದೊಯ್ದೆ. ಲಾಡಖಾನ್ ಗುಡಿಯಲ್ಲಿ ಇನ್ನೂ ಒಂದು ಕೈ ಮುಂದೆ: ಇಳಿಜಾರು ಮಾಳಿಗೆಯ ಚಪ್ಪಡಿಗಳ ಸಂದಿಗೆ ಕಲ್ಲಿನದೇ ಉದ್ದನೆಯ ಪಟ್ಟಿ ಕೂರಿಸಿ ಮರದ ಕೆಲಸದ ವೇಷ ಹಾಕಿಸಿದ್ದಾರೆ. ನಾವು ಇಂದು ಪ್ಲೈವುಡ್ಡಿಗೆ ಕಲ್ಲಿನ ಬಣ್ಣದ ಹಾಳೆ ಅಂಟಿಸಿ ಮೆರೆಯುತ್ತೇವೆ. ಅವರು ಕಲ್ಲಿನಿಂದ ಮರವನ್ನು ಅಣಕಿಸಿದರು. ಅಲ್ಲಿಯ ಮುಖಮಂಟಪಗಳಲ್ಲಿ ಕಕ್ಷಾಸನವೂ ಉಂಟು. ಕೂರಲು ಕಲ್ಲಿನ ಜಗಲಿ, ಬೆನ್ನಿಗೆ ಹೊರಗೆ ವಾಲಿದ ಒರಗು. ಅಳಿಯ ಕುಳಿತ, ಒರಗಿದ, ಎರಡು ನಿಮಿಷದಲ್ಲಿ ಬೂಟು ಬಿಚ್ಚಿ ಕಾಲು ಮೇಲೆಳೆದುಕೊಂಡ. ನಾನು ಏನೂ ಮಾತಾಡಲಿಲ್ಲ.

ಬಾದಾಮಿಯಲ್ಲಿ ಇನ್ನೊಂದು ತಪಾಸಣಾ ಇಲಾಖೆ ಇದೆ: ಮಂಗಗಳು. ಯಾವ ಹೊಸ ವಿನ್ಯಾಸವೂ ಅವುಗಳ ಕೈ ದಾಟದೆ ಊರೊಳಗೆ ಉಳಿಯುವಂತಿಲ್ಲ. ಪರಿಚಯದವರೊಬ್ಬರು ಮಾಳಿಗೆಯ ಮೇಲೆ ಮೊಟ್ಟೆಯಾಕಾರದ ಬೆತ್ತದ ಜೋಕಾಲಿ ತೂಗುಹಾಕಿಸಿದರು. ಸಂಜೆ ಹೋಗಿ ನೋಡಿದರೆ ಒಂದು ಹಿರಿಯ ಮಂಗ್ಯಾ ಒಳಗೆ ಕುಳಿತಿದೆ, ಮರಿಯೊಂದು ತೂಗುತ್ತಿದೆ, ಕುಶನ್ನಿನ ಹತ್ತಿ ಓಣಿಯ ತುಂಬ. ಮಾಲೀಕರು ಈಗ ಕೆಳಗೆ ನಿಂತು ನೋಡುತ್ತಾರೆ. ಮಂಗನಿಗೆ ಮನಸ್ಸಾದಾಗ ಇವರ ಪಾಳಿ.

ಕುಶನ್ ಎಂದೊಡನೆ ನೆನಪಾಯಿತು. ಗುಳೇದಗುಡ್ಡದ ಖಣವನ್ನು ದಿಂಬಿಗೆ, ಕುರ್ಚಿಯ ಸೀಟಿಗೆ ಹೊಲಿಸುವುದು ಈಗಿನ ಫ್ಯಾಶನ್. ಅಳಿಯನೂ ಒಂದು ನಮೂನೆ ತಂದು ಅವ್ವನ ಮುಂದಿಟ್ಟ. ಅವಳು ಕೈಯಾಡಿಸಿ, ‘ಛಲೋ ಐತಿ. ಬನಶಂಕರಿಗೆ ಉಡಿ ತುಂಬೂ ಖಣದ ಮ್ಯಾಲ ಕುಂದ್ರೂವಷ್ಟು ನಾವು ದೊಡ್ಡಾವರಾಗೇವೇನು?’ ಎಂದಳು. ಖಣ ದಿಂಬಿಗೆ ಹೋಯಿತು, ಬೆನ್ನಿಗಾದರೆ ಅಡ್ಡಿಯಿಲ್ಲವೆಂದು ರಾಜಿ. ಇಳಕಲ್ಲಿನ ಕೆಂಪು ಗ್ರಾನೈಟಿನ ಊಟದ ಟೇಬಲ್ಲಿನ ಪ್ರಸ್ತಾಪಕ್ಕೆ ಮನಿಯಾಕಿ ಕೇಳಿದ್ದು ಒಂದೇ ಮಾತು, ‘ಕಸಾ ಹೊಡಿಯೂ ಮುಂದ ಇದನ್ನ ಸರಸಾವ್ರು ಯಾರು?’ ಬಂಡಿಯ ಗಾಲಿಯ ಮೇಲೆ ಗಾಜು ಹೊದಿಸಿದ ಟೀಪಾಯಿಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ಅದರ ಬೆಲೆ ಕೇಳಿದ ಕಾಕಾ, ಗಾಲಿಯ ಜೊತೆ ಎತ್ತೂ ಬರುತ್ತವೆಂದು ಇನ್ನೂ ನಂಬಿದ್ದಾರೆ.

ಹೀಗೆ ಬಳಸುವವರ ಕಣ್ಣಿನಿಂದ ನೋಡಿದ ದೊಡ್ಡವರೂ ಇದ್ದಾರೆ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ, 1956ರ ತಮ್ಮ ಒರಗುಕುರ್ಚಿಯಿಂದ ಲೋಕವಿಖ್ಯಾತರಾದವರು, 1958ರಲ್ಲಿ ನಮ್ಮ ಸರ್ಕಾರಕ್ಕೆ ಒಂದು ವರದಿ ಬರೆದರು. ಅದರಲ್ಲಿ ಅವರು ಬಾಯಿ ಬಿಟ್ಟು ಹೊಗಳಿದ್ದು ಸಿಂಹಾಸನವನ್ನಲ್ಲ, ಚರಗಿಯನ್ನು. ಹಿಡಿಯುವ ಕೈ, ಹೊರುವ ನಡು, ಸುರಿಯುವ ಬಾಯಿ, ತೊಳೆಯುವ ಬೆರಳು, ಇಷ್ಟನ್ನೂ ಎಷ್ಟೋ ತಲೆಮಾರು ತಿದ್ದಿ ತೀಡಿದ ಆಕಾರ ಎಂದು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಚರಗಿಯಿಂದ ಕಾಲೇಜು ಹುಟ್ಟಬಹುದಾದರೆ ಹೊರಸಿನಿಂದ ವಿಶ್ವವಿದ್ಯಾಲಯವೇ ಆಗಬೇಕಿತ್ತು.

ಕೊನೆಗೆ ಅಳಿಯನಿಗೆ ಒಂದು ಕೆಲಸ ಸಿಕ್ಕಿತು, ಕಾಕಾ ಅವರ ಹೊಸ ಮನೆಯ ಪಡಸಾಲೆಗೆ ಒಂದು ಆಸನ. ಕೈ ಇಡುವ ಹಲಗೆ ಕಪ್ಪು–ಬಸಿಯ ಜೊತೆ ಎಲೆಯಡಿಕೆಯ ತಟ್ಟೆಯೂ ಕೂರುವಷ್ಟು ಅಗಲ. ಸೀಟು ಕಾಲು ಮಡಚುವಷ್ಟು ಆಳ. ಕೆಳಗೆ ಉಳ್ಳಾಗಡ್ಡಿ ಹರವುವಷ್ಟು ಜಾಗ. ನುಲಿಯ ಹೆಣಿಗೆ, ಖಣದ ಒರಗು. ಒಬ್ಬಳೇ ಎತ್ತಿ ಅಂಗಳಕ್ಕೆ ಒಯ್ಯುವಷ್ಟು ಹಗುರ. ನಕ್ಷೆ ಚಂದವಾಗಿಯೇ ಇತ್ತು. ಮೂಲೆಯಲ್ಲಿ ಒಂದು ಬಾಣದ ಗುರುತು ಹಾಕಿ ‘ಇಲ್ಲಿ ಮಜಾ’ ಎಂದು ಬರೆದಿದ್ದ. ಬಡಿಗೇರ ನಕ್ಷೆ ತಿರುವಿ ತಿರುವಿ ನೋಡಿದ.

‘ಅಳತಿ ತಿಳೀತ್ರಿ, ಕಟಿಗಿ ತಿಳೀತ್ರಿ. ಈ ಮಜಾ ಅನ್ನೂದನ್ನ ಯಾವ ಮಳಿಯಿಂದ ಬಡೀಲಿ?’

ಅಳಿಯ ತಲೆ ಕೆರೆದುಕೊಂಡ. ಅಕ್ಕಿ ಆರಿಸುತ್ತಿದ್ದ ಅವ್ವ ತಲೆಯೆತ್ತದೆ ಅಂದಳು: ‘ಅದನ್ನ ನೀ ಬಡೀಬ್ಯಾಡ ತಮ್ಮಾ. ಕುಂದ್ರಾಕ ಬರಾವ್ರು ತಾವ ತರತಾರ.’